ಅಕ್ಕಾ, ಪಿಎಚ್.ಡಿ. ಬಿಟ್ಟುಬಿಡಲಾ?

ಅಕ್ಕಾ, ನಾನು ಇಳಕಲ್ಲಿನವಳು. ವಯಸ್ಸು 36. ಪದವಿ ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುತ್ತೇನೆ. 2023ರಲ್ಲಿ ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಪಾರ್ಟ್ ಟೈಮ್ ಪಿಎಚ್.ಡಿ.ಗೆ ಸೇರಿದೆ. ಇಳಕಲ್ ಸೀರೆ ನೇಯುವ ಮನೆಗಳಲ್ಲಿ ಹೆಣ್ಣುಮಕ್ಕಳ ದುಡಿಮೆ ನನ್ನ ವಿಷಯ. ಮಗ್ಗದ ಮೇಲೆ ಕೂತವರ ಕೂಲಿಗೆ ಲೆಕ್ಕ ಇದೆ. ಕಂಡಿಕೆ ಸುತ್ತುವ, ಅಂದರೆ ಮಗ್ಗಕ್ಕೆ ಬೇಕಾದ ನೂಲನ್ನು ಸಣ್ಣ ಕೊಳವೆಗೆ ಸುತ್ತಿಕೊಡುವ ಹೆಂಗಸರ ತಾಸುಗಳನ್ನು ಯಾರೂ ಎಣಿಸುವುದಿಲ್ಲ. ಅದನ್ನೇ ಬರೆಯಬೇಕು ಅಂತ ಹೊರಟವಳು ನಾನು. ಮನೆಯಲ್ಲಿ ಗಂಡ, ಅತ್ತೆ, ಏಳು ವರ್ಷದ ಮಗಳು. ಎಲ್ಲರೂ ಮಲಗಿದ ಮೇಲೆ ಹನ್ನೊಂದರಿಂದ ಒಂದರವರೆಗೆ ಓದಿ, ಬೆಳಿಗ್ಗೆ ಐದಕ್ಕೆ ಏಳುತ್ತೇನೆ. ಹೋದ ತಿಂಗಳು ಪ್ರಗತಿ ವರದಿ ಒಪ್ಪಿಸಬೇಕಿದ್ದ ದಿನವೇ ಮಗಳಿಗೆ ಜ್ವರ ಬಂತು. ಹೋಗಲಿಲ್ಲ. ಗೈಡ್‌ಗೆ ಇನ್ನೂ ಫೋನ್ ಮಾಡಿಲ್ಲ. ಅವತ್ತು ಮನೆಯವರು "ನೌಕರಿ ಐತಿ, ಪಗಾರ ಬರತೈತಿ, ಇನ್ನ ಯಾಕ ಈ ಓದು?" ಅಂದರು. ಅತ್ತೆ ಏನೂ ಅನ್ನಲಿಲ್ಲ. ಅದು ಇನ್ನೂ ಜಾಸ್ತಿ ಚುಚ್ಚಿತು. ಮೊನ್ನೆ ಪಾಠದ ನಡುವೆ ಮಾತು ಮರೆತು ಸುಮ್ನೆ ನಿಂತುಬಿಟ್ಟೆ. ಬಿಟ್ಟುಬಿಡಲಾ?
– ಹೆಸರು ಬೇಡ, ಇಳಕಲ್

ತಂಗಿ,

ಈ ತಿಂಗಳು ಯಾವ ತೀರ್ಮಾನವನ್ನೂ ಮಾಡಬೇಡಿ. ನಾಲ್ಕು ತಾಸು ಮಲಗುವ ಮನುಷ್ಯರಿಗೆ ಎಲ್ಲವೂ ಭಾರವಾಗಿ ಕಾಣುತ್ತದೆ. ಎರಡು ವಾರ ರಾತ್ರಿ ಓದು ನಿಲ್ಲಿಸಿ, ಹತ್ತಕ್ಕೆ ಮಲಗಿ. ಅಷ್ಟಾದರೂ ಸುಸ್ತು ಇಳಿಯದಿದ್ದರೆ ಡಾಕ್ಟರ ಹತ್ತಿರ ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್, ಥೈರಾಯ್ಡ್ ಎರಡನ್ನೂ ನೋಡಲಿ. ನಮ್ಮ ಹೆಣ್ಣುಮಕ್ಕಳು ಇದನ್ನು ಮುಂದಕ್ಕೆ ಹಾಕುತ್ತಲೇ ಇರುತ್ತಾರೆ.

ಕಂಡಿಕೆಯ ಬಗ್ಗೆ ನೀವು ಬರೆದ ಸಾಲನ್ನು ನಾನು ಎರಡು ಸಲ ಓದಿದೆ. ಆ ಹೆಂಗಸರ ತಾಸುಗಳನ್ನು ಯಾರೂ ಎಣಿಸುವುದಿಲ್ಲ ಎಂದಿರಿ. ನಿಮ್ಮ ಮನೆಯಲ್ಲಿ ನಿಮ್ಮ ಓದಿನ ತಾಸುಗಳಿಗೂ ಅದೇ ಆಗಿದೆ, ಅಲ್ವಾ? ಎಲ್ಲರೂ ಮಲಗಿದ ಮೇಲೆ ಓದುತ್ತೀರಿ. ಆ ಓದನ್ನು ಮನೆಯಲ್ಲಿ ಯಾರೂ ಕಣ್ಣಾರೆ ಕಂಡಿಲ್ಲ. ಅವರಿಗೆ ಕಾಣುವುದು ಬೆಳಗಿನ ನಿಮ್ಮ ಸಿಡುಕು, ಕೆಂಪು ಕಣ್ಣು, ವಿಜಯಪುರಕ್ಕೆ ಹೋದ ದಿನ ಖಾಲಿ ಇರುವ ಮನೆ. ನೀವು ಓದನ್ನು ಕದ್ದು ಮಾಡುತ್ತಿದ್ದೀರಿ. ಕದ್ದು ಮಾಡಿದ ಕೆಲಸಕ್ಕೆ ಯಾರ ಸಹಾಯವನ್ನೂ ಕೇಳಲು ಬಾಯಿ ಬರುವುದಿಲ್ಲ. ಮಗಳಿಗೆ ಜ್ವರ ಬಂದ ದಿನ "ನೀವಿಬ್ಬರೂ ನೋಡಿಕೊಳ್ಳಿ, ನಾನು ಸಂಜೆ ಬರುತ್ತೇನೆ" ಎಂದು ಹೇಳಲು ನಿಮ್ಮಿಂದ ಆಗಲಿಲ್ಲ. ಜ್ವರ ಜೋರಿದ್ದರೆ ಯಾವ ತಾಯಿಯೂ ಹೋಗುವುದಿಲ್ಲ, ಅದು ಬೇರೆ ಮಾತು. ಆದರೆ ಕೇಳುವ ಮಾತೇ ನಿಮ್ಮ ಪತ್ರದಲ್ಲಿ ಎಲ್ಲೂ ಇಲ್ಲ.

ನಿಮ್ಮ ಮನೆಯವರ ಪ್ರಶ್ನೆ ಒರಟಾಗಿತ್ತು, ನಿಜ. ಆದರೂ ಅದಕ್ಕೊಂದು ಉತ್ತರ ಕೊಡಿ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದ ಪ್ರಕಾರ ಅಸೋಸಿಯೇಟ್ ಪ್ರೊಫೆಸರ್ ಆಗಲು ಪಿಎಚ್.ಡಿ. ಬೇಕೇ ಬೇಕು. ಇದನ್ನು ಹೇಳಿ, ಪಗಾರದ ಮಾತಿಗೆ ಪಗಾರದ ಉತ್ತರ. ಆಮೇಲೆ ನಿಜವಾದ ಉತ್ತರವನ್ನೂ ಹೇಳಿ. ಕಂಡಿಕೆ ಸುತ್ತುವವರ ಬಗ್ಗೆ ನನಗೆ ಬರೆದದ್ದನ್ನೇ ಅವರಿಗೂ ಹೇಳಿ. ಮೂರು ವರ್ಷದಲ್ಲಿ ಒಮ್ಮೆಯಾದರೂ ಕೂರಿಸಿಕೊಂಡು ಹೇಳಿದ್ದೀರಾ?

ಇನ್ನು ಅತ್ತೆಯವರು. ಅವರ ಮೌನವನ್ನು ನೀವು ಸಿಟ್ಟು ಎಂದುಕೊಂಡಿದ್ದೀರಿ. ಇರಬಹುದು. ನಿಮ್ಮ ಓದು ಏನೆಂದು ತಿಳಿಯದೆ ಸುಮ್ಮನಿದ್ದರೂ ಇರಬಹುದು. ಅವರು ಇಳಕಲ್ಲಿನಲ್ಲೇ ಬಾಳಿದವರಾದರೆ ಮಗ್ಗದ ಸದ್ದು ಅವರಿಗೆ ಹೊಸದಲ್ಲ. ಸೀರೆಯ ಒಡಲಿನ ಉದ್ದದ ನೂಲೆಳೆಗಳಿಗೆ ಸೆರಗಿನ ರೇಷ್ಮೆ ಎಳೆಗಳನ್ನು ಕೊಂಡಿ ಹಾಕಿ ಸೇರಿಸುವ ಕೆಲಸ ಎಷ್ಟು ತಾಳ್ಮೆಯದು ಎಂದು ಅವರಿಗೆ ಗೊತ್ತಿರಬಹುದು. ಅವರೇ ಕಂಡಿಕೆ ಸುತ್ತಿರಲೂಬಹುದು. ಊರ ತುಂಬ ಮನೆ ಮನೆ ತಿರುಗಿ ಹೆಂಗಸರನ್ನು ಮಾತಾಡಿಸುತ್ತೀರಿ, ನಿಮ್ಮ ಮನೆಯ ಹಿರಿಯರನ್ನು ಕೇಳಿದ್ದೀರಾ? ಒಂದು ಸಂಜೆ ನೋಟ್‌ಬುಕ್ ಹಿಡಿದು ಅವರ ಪಕ್ಕ ಕೂತುಕೊಳ್ಳಿ. ಅವರನ್ನು ಒಲಿಸಿಕೊಳ್ಳಲೆಂದು ಮಾತ್ರ ಬೇಡ, ಅವರಿಗೆ ಅದು ತಕ್ಷಣ ಗೊತ್ತಾಗುತ್ತದೆ. ನಿಜವಾಗಿ ತಿಳಿಯಬೇಕೆಂದು ಕೇಳಿ.

ಸಮಯ ಮೀರಿತು ಎಂಬ ಭಯ ನಿಮ್ಮನ್ನು ಜಾಸ್ತಿ ಕಾಡುತ್ತಿದೆ ಅನಿಸುತ್ತದೆ. ಯುಜಿಸಿಯ 2022ರ ಪಿಎಚ್.ಡಿ. ನಿಯಮ ನೋಡಿ. ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿ ಮಾಡಿಸಿದರೆ ಇನ್ನೂ 2 ವರ್ಷದವರೆಗೆ ಸಿಗಬಹುದು. ಹೆಣ್ಣುಮಕ್ಕಳಿಗೆ ಅದರ ಮೇಲೆ 2 ವರ್ಷ ಸಡಿಲಿಕೆಗೂ ಅವಕಾಶವಿದೆ. ಒಟ್ಟು 10 ವರ್ಷ ಮೀರಬಾರದು, ಅಷ್ಟೇ. ಹೆರಿಗೆ ಅಥವಾ ಮಗುವಿನ ಆರೈಕೆಗೆಂದು ಇಡೀ ಅವಧಿಯಲ್ಲಿ 240 ದಿನಗಳವರೆಗೆ ರಜೆಯೂ ಕೊಡಬಹುದು. ಇದು ಸಂಶೋಧನೆಯ ಕಡೆಯ ರಜೆ, ಕಾಲೇಜಿನದಲ್ಲ. ಹತ್ತು ವರ್ಷ ಎಳೆಯಿರಿ ಎನ್ನುತ್ತಿಲ್ಲ. ಆದರೆ ಮೂರನೇ ವರ್ಷಕ್ಕೇ ಹಿಂದೆ ಬಿದ್ದೆ ಎಂದು ಅಳುವ ಕಾರಣವಿಲ್ಲ.

ಸೇರುವಾಗ ಕಾಲೇಜಿನಿಂದ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಎಂಬ ಪತ್ರ, ತಂದುಕೊಟ್ಟಿರುತ್ತೀರಿ. ಅದರ ಪ್ರತಿ ಹುಡುಕಿ ತೆಗೆಯಿರಿ. ಸಂಶೋಧನೆಗೆ ಸಾಕಷ್ಟು ಸಮಯ ಕೊಡಲು ಈಕೆಯ ಕೆಲಸ ಅಡ್ಡಿಯಾಗುವುದಿಲ್ಲ ಎಂದು ಕಾಲೇಜೇ ಬರೆದುಕೊಟ್ಟ ಪತ್ರ ಅದು. ಅದನ್ನಿಟ್ಟುಕೊಂಡು ಪ್ರಿನ್ಸಿಪಾಲರನ್ನು ಭೇಟಿ ಮಾಡಿ. ಇದ್ದಬದ್ದ ಕಮಿಟಿ, ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್‌ನ ಕಡತ ಎಲ್ಲ, ಪಾಪ, "ಇಲ್ಲ" ಅನ್ನದವರ ತಲೆಗೇ ಬರುತ್ತವೆ. ಮುಂದಿನ ಸೆಮಿಸ್ಟರ್‌ಗೆ ಒಂದು ಕೆಲಸ ಕಡಿಮೆ ಮಾಡಲು, ಶನಿವಾರದ ಪಾಠ ಬೇರೆ ದಿನಕ್ಕೆ ಹಾಕಲು ಕೇಳಿ. ಬಾಯಿಮಾತಿನಲ್ಲಿ ಬೇಡ, ಬರೆದುಕೊಡಿ.

ಮನೆಯಲ್ಲಿ ವಾರಕ್ಕೆ ಎರಡು ಸಂಜೆ, ಆರರಿಂದ ಎಂಟು, ಮತ್ತೆ ಭಾನುವಾರ ಬೆಳಿಗ್ಗೆ ಮೂರು ತಾಸು. ಅಷ್ಟು ಸಾಕು, ಆದರೆ ಅದು ಎಲ್ಲರೂ ಎದ್ದಿರುವಾಗ, ಎಲ್ಲರ ಕಣ್ಣೆದುರು ಆಗಬೇಕು. ಆ ಸಂಜೆ ಮಗಳ ಹೋಂವರ್ಕ್ ಅಪ್ಪನದು. ರೊಟ್ಟಿ ಬಡಿಯುವವರನ್ನು ಗೊತ್ತು ಮಾಡಿ, ಅಥವಾ ಖಾನಾವಳಿಯಿಂದ ತರಿಸಿ. ಮಗಳು ನಡುವೆ ಬಂದು ನಿಮ್ಮ ಪೆನ್ನು ಎಳೆಯುತ್ತಾಳೆ, ಎಳೆಯಲಿ. ಅಮ್ಮ ಏನು ಬರೆಯುತ್ತಾಳೆ ಎಂದು ಅವಳಿಗೂ ಗೊತ್ತಾಗಬೇಕಲ್ಲ.

ಗೈಡ್‌ಗೆ ನಾಳೆಯೇ ಫೋನ್ ಮಾಡಿ. ಇದನ್ನು ನನ್ನ ಅನುಭವದಿಂದ ಹೇಳುತ್ತಿದ್ದೇನೆ. ಬೆಳಗಾವಿಯಲ್ಲಿ ಕಲಿಸುತ್ತಾ ನಾನೂ ಪಿಎಚ್.ಡಿ. ಮಾಡಿದವಳು. ನಡುವೆ ಒಂದು ಅಧ್ಯಾಯವನ್ನು ಎರಡು ವರ್ಷ ಕಪಾಟಿನಲ್ಲಿಟ್ಟಿದ್ದೆ. ಏನಂದುಕೊಂಡಾರೋ ಎಂದು ಗೈಡ್ ಕಣ್ಣಿಗೆ ಬೀಳದೆ ಓಡಾಡಿದೆ. ಕೊನೆಗೆ ಫೋನ್ ಮಾಡಿದಾಗ ಅವರು ಕೇಳಿದ್ದು ಒಂದೇ, "ಯಾವಾಗ ಬರ್ತೀರಿ?" ಆ ಎರಡು ವರ್ಷ ನನ್ನನ್ನು ತಡೆದದ್ದು ಬರೀ ಹೆದರಿಕೆ. ಸಲಹಾ ಸಮಿತಿಯ ಮುಂದೆ ಸೆಮಿಸ್ಟರ್‌ಗೊಮ್ಮೆ ವರದಿ ಒಪ್ಪಿಸಬೇಕು ಎಂಬ ನಿಯಮವಿದೆ, ತಡ ಮಾಡಿದಷ್ಟೂ ಕಷ್ಟ. ಮಗಳಿಗೆ ಜ್ವರ ಇತ್ತು ಎಂದು ಇದ್ದದ್ದನ್ನೇ ಹೇಳಿ, ಇನ್ನೊಂದು ದಿನ ಕೇಳಿ.

ಆರು ತಿಂಗಳು ಹೀಗೆ ನಡೆಸಿ ನೋಡಿ. ಆಮೇಲೂ ಈ ವಿಷಯದ ಹತ್ತಿರ ಹೋಗಲು ಮನಸ್ಸೇ ಬರದಿದ್ದರೆ ಬಿಡಿ. ನಾನು ತಪ್ಪು ಎನ್ನುವುದಿಲ್ಲ. ಅಷ್ಟರೊಳಗೆ ನನಗೊಂದು ಕಾಗದ ಹಾಕಿ. ಅತ್ತೆಯವರು ಕಂಡಿಕೆ ಸುತ್ತಿದ್ದರಾ, ಏನೇನು ಹೇಳಿದರು ಎಂದು ತಿಳಿಯಬೇಕು ನನಗೆ.