ಯುಎಸ್‌ಬಿ ಸಾಧನ ಸಿಕ್ಕಿಸಿದ ತಕ್ಷಣ ಯಾವ ಡ್ರೈವರ್ (ಸಾಧನವನ್ನು ನಡೆಸುವ ಪ್ರೋಗ್ರಾಂ) ಬೇಕು ಅಂತ ಲಿನಕ್ಸ್‌ಗೆ ಹೇಗೆ ಗೊತ್ತಾಗುತ್ತದೆ?

ಸಾಧನವೇ ಹೇಳುತ್ತದೆ! ಸಿಕ್ಕಿಸಿದ ಕೂಡಲೇ ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು, ಅದನ್ನು ‘ನೀನು ಯಾರು?’ ಅಂತ ಕೇಳುತ್ತದೆ. ಸಾಧನ 18 ಬೈಟ್‌ಗಳ ಡಿಸ್ಕ್ರಿಪ್ಟರ್ ಕಳಿಸುತ್ತದೆ. ಅದೇ ಅದರ ಗುರುತಿನ ಚೀಟಿ. ಅದರಲ್ಲಿ ತಯಾರಕರ ನಂಬರ್ ಒಂದು, ಸಾಧನದ ನಂಬರ್ ಇನ್ನೊಂದು ಇರುತ್ತವೆ.

ನನ್ನ ಹತ್ತಿರ ಇರುವ ಯುಎಸ್‌ಬಿ-ಸೀರಿಯಲ್ ಕೇಬಲ್ಲನ್ನೇ ನೋಡಿ. ಒಳಗಿರುವುದು ಎಫ್‌ಟಿಡಿಐ ಎಂಬ ಕಂಪನಿಯ ಚಿಪ್. ನಂಬರ್‌ಗಳು 0403 ಮತ್ತು 6001. ಕರ್ನಲ್ ಇವನ್ನು ಸೇರಿಸಿ ಒಂದು ಸಾಲು ಮಾಡಿ, ಹೊಸ ಸಾಧನ ಬಂದಿದೆ ಅಂತ ಸಾರುತ್ತದೆ. ಯುಡೆವ್ ಎಂಬ ಪ್ರೋಗ್ರಾಂ ಅದನ್ನು ಕೇಳಿಸಿಕೊಂಡು, ಹೊಂದುವ ಡ್ರೈವರನ್ನು ಪಟ್ಟಿಯಲ್ಲಿ ಹುಡುಕಿ ಲೋಡ್ ಮಾಡಿಸುತ್ತದೆ. ಪಟ್ಟಿ ಎಲ್ಲಿಂದ ಬಂತು? ತಾನು ಯಾವ ನಂಬರ್‌ಗಳನ್ನು ನೋಡಿಕೊಳ್ಳಬಲ್ಲೆ ಅಂತ ಪ್ರತಿ ಡ್ರೈವರಿನ ಕೋಡ್‌ನಲ್ಲೇ ಬರೆದಿರುತ್ತದೆ. ನನಗೆ ತುಂಬಾ ಇಷ್ಟವಾದ ಭಾಗ ಇದು. ಕೊನೆಗೆ ಕರ್ನಲ್ ಡ್ರೈವರಿನ ಪ್ರೋಬ್ ಫಂಕ್ಷನ್ (ಸಾಧನವನ್ನು ಪರೀಕ್ಷಿಸಿ ಒಪ್ಪಿಕೊಳ್ಳುವ ಕೋಡ್) ಕರೆಯುತ್ತದೆ. ಅದು ಒಪ್ಪಿಕೊಂಡರೆ ಕೇಬಲ್ ಕೆಲಸಕ್ಕೆ ಸಿದ್ಧ.

ಹಾಗಾದ್ರೆ ಪ್ರತಿ ಕಂಪನಿಯ ಪೆನ್‌ಡ್ರೈವಿಗೂ ಬೇರೆ ಡ್ರೈವರ್ ಬೇಕಲ್ವಾ? ಬೇಡ. ಸಾಧನಗಳು ತಮ್ಮ ಜಾತಿಯನ್ನೂ ಹೇಳುತ್ತವೆ. ಸ್ಟೋರೇಜ್ ಅಂದರೆ 08, ಕೀಬೋರ್ಡ್ ಮತ್ತು ಮೌಸ್ ಅಂದರೆ 03. ಜಾತಿಗೊಂದೇ ಸಾಮಾನ್ಯ ಡ್ರೈವರ್ ಸಾಕು.

ಕಲಿಯಬೇಕೆಂದರೆ ಸುಮ್ನೆ ಓದುವುದಕ್ಕಿಂತ ಕಣ್ಣಾರೆ ನೋಡಿ. ಟರ್ಮಿನಲ್‌ನಲ್ಲಿ ಕರ್ನಲ್ ಲಾಗ್ (ಕರ್ನಲ್ ಬರೆದಿಡುವ ಸಂದೇಶಗಳ ಪಟ್ಟಿ) ತೆರೆದಿಟ್ಟು ಪೆನ್‌ಡ್ರೈವ್ ಸಿಕ್ಕಿಸಿ. ಅದರ ತಯಾರಕರ ನಂಬರ್, ಸಾಧನದ ನಂಬರ್, ಆಮೇಲೆ ಡ್ರೈವರಿನ ಹೆಸರು ಸಾಲುಸಾಲಾಗಿ ಬರುತ್ತವೆ.