ಮನೆಯಲ್ಲೇ ಪ್ರಾರ್ಥಿಸಿದರೆ ಸಾಕೇ?

ಮಂಡ್ಯದ ಸಹೋದರರಿಗೆ ನಮಸ್ಕಾರ. ಯೇಸುವನ್ನು ಬಾಳಿಗೆ ಬರಮಾಡಿಕೊಳ್ಳಲು ಮನೆಯಲ್ಲಿ ಒಬ್ಬರೇ ಕುಳಿತು ಪ್ರಾರ್ಥಿಸಿದರೆ ಸಾಕೇ, ಅಥವಾ ಮೊದಲು ದೀಕ್ಷಾಸ್ನಾನ (ಕ್ರೈಸ್ತ ಸಭೆಗೆ ಸೇರಿಸಿಕೊಳ್ಳುವ ನೀರಿನ ಸಂಸ್ಕಾರ) ಪಡೆಯಲೇಬೇಕೇ ಎಂದು ತಾವು ಕೇಳಿದ್ದೀರಿ.

ಪ್ರಾರ್ಥನೆಗೆ ಇಂಥದೇ ಮಾತು ಎಂಬ ಕಟ್ಟಳೆಯಿಲ್ಲ. ತಪ್ಪನ್ನು ಒಪ್ಪಿಕೊಂಡು, ಕ್ಷಮೆ ಬೇಡಿ, ಯೇಸುವೇ ಪ್ರಭುವೆಂದು ನಂಬಿ ತಮ್ಮ ಆಡುಮಾತಿನಲ್ಲೇ ಕರೆಯಬಹುದು. ಆದರೆ ಬರಮಾಡಿಕೊಳ್ಳುವುದೆಂದರೆ ಏನೆಂದು ತಿಳಿಯಲು, ಬೈಬಲಿನಲ್ಲಿ ಯೇಸುವಿನ ಬದುಕನ್ನು ಹೇಳುವ ಸುವಾರ್ತೆಗಳಲ್ಲೊಂದಾದ ಲೂಕನ ಸುವಾರ್ತೆಯ 19ನೇ ಅಧ್ಯಾಯದ ಜಕ್ಕಾಯನನ್ನು ನೋಡಬೇಕು. ಜನಸಂದಣಿಯಲ್ಲಿ ಯೇಸುವನ್ನು ಕಾಣಲಾಗದೆ ಮರವೇರಿದ್ದ ಆ ಗಿಡ್ಡ ಸುಂಕದವನು, ಯೇಸು ತಾವಾಗಿಯೇ ಅವನ ಮನೆಗೆ ಬರುವೆನೆಂದಾಗ ಸಂತೋಷದಿಂದ ಸ್ವಾಗತಿಸಿದ್ದಲ್ಲದೆ, ಆಸ್ತಿಯ ಅರ್ಧವನ್ನು ಬಡವರಿಗೆ ಕೊಡುವುದಾಗಿಯೂ ಮೋಸದಿಂದ ಕಿತ್ತುಕೊಂಡಿದ್ದರೆ ಅದರ ನಾಲ್ಕರಷ್ಟನ್ನು ಹಿಂದಿರುಗಿಸುವುದಾಗಿಯೂ ಹೇಳಿದನು. ಅತಿಥಿ ಮೊದಲು ಬಂದರು, ಲೆಕ್ಕ ಚುಕ್ತಾ ಮಾಡುವ ಮಾತು ಆಮೇಲೆ ಬಂದಿತು. ಈ ಕ್ರಮವೇ ನನಗೆ ಮುಖ್ಯವೆನಿಸುತ್ತದೆ, ಏಕೆಂದರೆ ಮೊದಲು ಶುದ್ಧನಾಗುತ್ತೇನೆ, ನಂತರ ಕರೆಯುತ್ತೇನೆ ಎಂದು ಕಾಯುತ್ತಲೇ ಉಳಿಯುವವರಿದ್ದಾರೆ. (ನಾನೂ ಹಾಗೆಯೇ ಬಹಳ ಕಾಲ ಕಾದವನು.)

ದೀಕ್ಷಾಸ್ನಾನವನ್ನು ಬಿಡುವಂತಿಲ್ಲ, ಆದರೆ ಅದಕ್ಕೆ ಅವಸರವೂ ಬೇಡ. ಕಥೋಲಿಕ ಸಭೆಯಲ್ಲಿ ವಯಸ್ಕರಿಗೆ ತಿಂಗಳುಗಟ್ಟಲೆ ಧರ್ಮೋಪದೇಶ ನೀಡಿ, ಸಾಮಾನ್ಯವಾಗಿ ಈಸ್ಟರ್ ಜಾಗರಣೆಯ ರಾತ್ರಿ ದೀಕ್ಷೆ ಕೊಡುತ್ತಾರೆ; ಬ್ಯಾಪ್ಟಿಸ್ಟ್ ಮತ್ತು ಪೆಂತೆಕೋಸ್ತ್ ಸಭೆಗಳಲ್ಲಿ ಸ್ವಂತ ನಂಬಿಕೆಯನ್ನು ಅರಿಕೆ ಮಾಡಿದವರನ್ನು ನೀರಿನಲ್ಲಿ ಮುಳುಗಿಸುತ್ತಾರೆ. ಮೈಸೂರಿಗೆ ಬಂದಾಗ, ನಾಲ್ವಡಿ ಕೃಷ್ಣರಾಜ ಒಡೆಯರು 1933ರಲ್ಲಿ ಶಂಕುಸ್ಥಾಪನೆ ಮಾಡಿದ ಸಂತ ಫಿಲೋಮಿನಾ ದೇವಾಲಯದಲ್ಲಿ ಸ್ವಲ್ಪ ಹೊತ್ತು ಮೌನವಾಗಿ ಕುಳಿತು, ಅಲ್ಲಿನ ಗುರುಗಳೊಡನೆ ಮಾತನಾಡಿ.

ಅಲ್ಲಿಯವರೆಗೆ ಮಾರ್ಕನ ಸುವಾರ್ತೆಯನ್ನು ದಿನಕ್ಕೊಂದು ಅಧ್ಯಾಯದಂತೆ ಓದಬಹುದು. ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, ಒಟ್ಟು 16 ಅಧ್ಯಾಯಗಳಿವೆ.