70 ಪುಟದ ಪಿಎಚ್‌ಡಿ, 400 ಪುಟದ ಪಿಎಚ್‌ಡಿ

ಪ್ರಶ್ನೆ: ನಾನು ಇತಿಹಾಸದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಪ್ರಬಂಧ 400 ಪುಟ ದಾಟಿದರೂ ಮುಗಿದಿಲ್ಲ. ರೂಮ್‌ಮೇಟ್ ಗಣಿತದವನು, 70 ಪುಟ ಬರೆದು ಡಾಕ್ಟರ್ ಆಗಿ ಹೋದ. ಇದು ನ್ಯಾಯವಾ?
– ಓದುಗರು, ಕಲಬುರಗಿ

ಉತ್ತರ: 70 ಪುಟಕ್ಕೇ ಹೊಟ್ಟೆ ಉರಿಸಿಕೊಂಡರೆ ಹೇಗೆ? ಅಮೆರಿಕದ ಗಣಿತಜ್ಞ ಜಾನ್ ನ್ಯಾಶ್ 1950ರಲ್ಲಿ ಕೊಟ್ಟ ಗಣಿತದ ಪ್ರಬಂಧ ಬರೀ 28 ಪುಟ, ಆ ಕೆಲಸಕ್ಕೇ 1994ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಗಣಿತದಲ್ಲಿ ಸಾಬೀತಾಯಿತು ಅಂದರೆ ಮಾತು ಮುಗಿಯಿತು. ನಿಮ್ಮದು ಹಾಗಲ್ಲ. ನಿಮ್ಮದೇ ಜಿಲ್ಲೆಯ ಸನ್ನತಿಯಲ್ಲಿ ಸಿಕ್ಕ ಅಶೋಕನ ಶಾಸನವನ್ನೇ ನೋಡಿ. ಯಾವ ಕಾಲದಲ್ಲೋ ಯಾರೋ ಆ ಕಲ್ಲಿನ ನಡುವೆ ತೂತು ಕೊರೆದು ದೇವಿಯ ಮೂರ್ತಿಗೆ ಪೀಠ ಮಾಡಿಬಿಟ್ಟಿದ್ದರು, ಗುಡಿಯ ಚಾವಣಿ ಕುಸಿದ ಮೇಲೇ ಅದು ಬೆಳಕಿಗೆ ಬಂದದ್ದು. ತೂತಿನಲ್ಲಿ ಹೋದ ಅಕ್ಷರ ಯಾವುವು ಅಂತ ಹೇಳಬೇಕಾದರೆ ಅದೇ ಮಾತುಗಳಿರುವ ಒಡಿಶಾದ ಧೌಲಿ, ಜೌಗಡದ ಶಾಸನಗಳನ್ನು ಪಕ್ಕದಲ್ಲಿಟ್ಟು ಸಾಲು ಸಾಲು ಹೋಲಿಸಬೇಕು. ಪುಟ ಜಾಸ್ತಿ ಆಗದೆ ಇರುತ್ತಾ?

ಭೌತವಿಜ್ಞಾನದವರದು ಇನ್ನೊಂದು ಥರ. 2015ರಲ್ಲಿ ಹಿಗ್ಸ್ ಅನ್ನೋ, ಪರಮಾಣುವಿಗಿಂತ ಚಿಕ್ಕ ಕಣದ ತೂಕದ ಬಗ್ಗೆ ಬಂದ ಒಂದು ಲೇಖನಕ್ಕೆ 5,154 ಲೇಖಕರು! 33 ಪುಟದಲ್ಲಿ 24 ಪುಟ ಹೆಸರು, ವಿಳಾಸವೇ. ನಮ್ಮ ಕಡೆ ಲಗ್ನಪತ್ರಿಕೆಯಲ್ಲಿ ‘ಸುಖಾಗಮನ ಬಯಸುವವರು’ ಅಂತ ಇರುತ್ತಲ್ಲ, ಅದೂ ಇಷ್ಟುದ್ದ ಇರಲ್ಲ.

ಪ್ರಶ್ನೆ: ಮಗಳು ಬಿದ್ರಿ ಕೆಲಸದ (ಲೋಹದ ಪಾತ್ರೆಯಲ್ಲಿ ಬೆಳ್ಳಿಯ ಚಿತ್ತಾರ ಕೂರಿಸುವ ಕಸುಬು) ಮೇಲೆ ಸಂಶೋಧನೆ ಮಾಡುತ್ತೇನೆ ಅಂತಾಳೆ. ಅದು ಕೆಮಿಸ್ಟ್ರಿಗೆ ಸೇರುತ್ತೋ, ಇತಿಹಾಸಕ್ಕೋ?
– ಓದುಗರು, ಬೀದರ್

ಉತ್ತರ: ಅವಳ ಪ್ರಶ್ನೆ ಏನು ಅಂತ ಮೊದಲು ಕೇಳಿ. ಕೋಟೆಯ ಹಳೇ ಮಣ್ಣನ್ನು ನವಸಾಗರ ಅನ್ನೋ ಉಪ್ಪಿನ ಜೊತೆ ನೀರಿಗೆ ಹಾಕಿ ಬಿಸಿ ಮಾಡಿ, ಅದರಿಂದ ಪಾತ್ರೆ ಉಜ್ಜಿದರೆ ಸತು-ತಾಮ್ರದ ಮೈ ಕಪ್ಪಾಗುತ್ತದೆ, ಬೆಳ್ಳಿಯ ಬಳ್ಳಿ ಮಾತ್ರ ಹಾಗೇ ಹೊಳೆಯುತ್ತದೆ. ಬೆಳ್ಳಿಗೆ ಯಾಕೆ ಏನೂ ಆಗಲಿಲ್ಲ ಅಂತ ಕೇಳಿದರೆ ಅವಳು ಕೆಮಿಸ್ಟ್ರಿಯವಳು. ಬಹಮನಿಗಳ ಕಾಲದಲ್ಲಿ ಈ ಕಸುಬು ಹೇಗೆ ಬೇರು ಬಿಟ್ಟಿತು ಅಂದರೆ ಇತಿಹಾಸ. ಆಗ ಪಾರ್ಸಿ (ಪರ್ಷಿಯನ್) ಭಾಷೆ ಕಲಿಯಬೇಕು, ಸುಮ್ನೆ ಅಲ್ಲ ಅದು. ಇನ್ನು ಕೆಲಸಗಾರರು ಮಣ್ಣು ಸರಿಯಿದೆಯಾ ಅಂತ ನಾಲಿಗೆಗೆ ಹಚ್ಚಿ ನೋಡುತ್ತಾರಲ್ಲ, ಆ ರುಚಿ ಒಬ್ಬರಿಂದ ಇನ್ನೊಬ್ಬರಿಗೆ ಹೇಗೆ ದಾಟುತ್ತದೆ? ನನಗೆ ಇದೇ ಇಷ್ಟ. ಇದಕ್ಕೆ ಲ್ಯಾಬೂ ಬೇಡ, ಲೈಬ್ರರಿಯೂ ಸಾಲದು. ಕೆಲಸ ನಡೆಯುವ ಜಾಗದಲ್ಲಿ ಚಹಾ ಕುಡಿಯುತ್ತಾ ತಿಂಗಳುಗಟ್ಟಲೆ ಕೂರಬೇಕು.

ಪ್ರಶ್ನೆ: ಲ್ಯಾಬೇ ಇಲ್ಲದ ಆರ್ಟ್ಸ್‌ನಲ್ಲಿ ಎಂಥ ಸಂಶೋಧನೆ?
– ಓದುಗರು, ಶಹಾಪುರ

ಉತ್ತರ: ಹುಣಸಗಿ ಹತ್ತಿರದ ಇಸಾಂಪುರಕ್ಕೆ ಒಮ್ಮೆ ಹೋಗಿ ಬನ್ನಿ, ನಿಮ್ಮದೇ ಯಾದಗಿರಿ ಜಿಲ್ಲೆ. ಆದಿಮಾನವ ಸುಣ್ಣಕಲ್ಲು ಒಡೆದು ಕೊಡಲಿ ಮಾಡಿದ ಜಾಗ ಅದು. ಅಗೆದು ಗುರುತಿಸಿದವರು ಪುರಾತತ್ವದವರು. ಸುಮಾರು 12 ಲಕ್ಷ ವರ್ಷ ಹಳೆಯದು ಅನ್ನೋ ಲೆಕ್ಕ ಬಂದದ್ದು ಅಲ್ಲೇ ಸಿಕ್ಕ ಪ್ರಾಣಿಯ ಹಲ್ಲಿನಿಂದ, ಅದೂ ಲ್ಯಾಬಿನಲ್ಲಿ. ಈಗ ಹೇಳಿ, ಇದನ್ನು ಆರ್ಟ್ಸ್ ಅಂತೀರೋ, ಸೈನ್ಸ್ ಅಂತೀರೋ?